ಡ್ರಾಯಿಂಗ್ ತಾಸು

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಬೀದಿಗಳಲ್ಲಿ ಒಂದು ನೋಟ ಸಾಮಾನ್ಯವಾಗಿ ವರುಷ ವರುಷವೂ ಕಾಣಸಿಗುತ್ತದೆ. ಹನ್ನೆರಡರಿಂದ ಹದಿನೈದರ ಪ್ರಾಯದ ಹುಡುಗ ಹುಡುಗಿಯರು ಕಂಕುಳಲ್ಲಿ ಹಲಗೆ, ಕೈಯಲ್ಲಿ ಬಣ್ಣದ ಪೆಟ್ಟಿಗೆ, ಚೀಲದಲ್ಲಿ ಕುಂಚ, ಕೈವಾರ ಮತ್ತು ನೀರಿನ ಬಟ್ಟಲುಗಳನ್ನು ಇಟ್ಟುಕೊಂಡು ಪರೀಕ್ಷೆಯ ಕೇಂದ್ರವನ್ನು ಅರಸಿಕೊಂಡು ಹೋಗುತ್ತಾರೆ. ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯವು ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಎಂಬ ರೇಖಾಕಲಾ ಪರೀಕ್ಷೆಗಳಿಗೆ ಹೊರಟವರು ಇವರು. ಈ ಗುಂಪಿನಲ್ಲಿ ನಮ್ಮ ಕನ್ನಡಿಗರ ಮಕ್ಕಳೂ ಇರುತ್ತಾರೆ. ಆದರೆ ಅವರನ್ನು ಕಳುಹಿಸಿಕೊಟ್ಟ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಸಂಶಯವೂ ಇರುತ್ತದೆ. “ಚಿತ್ರ ಬರೆದು ಯಾರ ಹೊಟ್ಟೆ ತುಂಬೀತು?”

ಈ ಮಾತು ಕಳೆದ ವರುಷ ನನ್ನ ಮನೆಯಲ್ಲಿಯೇ ಹುಟ್ಟಿತು. ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಎಲಿಮೆಂಟರಿ ಪರೀಕ್ಷೆಗೆ ಹೆಸರು ಕೊಡಬೇಕೆಂದಳು; ಅದಕ್ಕಾಗಿ ರವಿವಾರ ಬೆಳಿಗ್ಗೆ ಎರಡು ತಾಸು ಅಭ್ಯಾಸ ಮಾಡಬೇಕೆಂದಳು. ನನ್ನ ಮಗನು, “ಆ ಎರಡು ತಾಸು ಗಣಿತದ ಟ್ಯೂಶನ್ನಿಗೆ ಹೋಗಲಿ, ಉಪಯೋಗವಾದರೂ ಆದೀತು” ಎಂದನು. ಅವನು ನಿರ್ದಯನಲ್ಲ. ಬೆಳಗಿನ 7 ಗಂಟೆಯ ಗಾಡಿಯಲ್ಲಿ ನಿಂತುಕೊಂಡೇ ಹೋಗಿ, ರಾತ್ರಿ ನಿಂತುಕೊಂಡೇ ಮರಳುವವನು ಮಗಳ ಎರಡು ತಾಸುಗಳ ಲೆಕ್ಕವನ್ನು ಕೇಳಿದರೆ ಅದು ತಪ್ಪಲ್ಲ. ಆ ದಿನ ನಾನು ಸುಮ್ಮನಿದ್ದೆ. ಅಂದು ಹೇಳಬೇಕಾಗಿದ್ದುದನ್ನು ಇಂದು ಬರೆಯುತ್ತಿದ್ದೇನೆ. ಏಕೆಂದರೆ ಇಂಥ ಸಂಭಾಷಣೆ ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿರಬೇಕೆಂದು ನನ್ನ ನಂಬಿಕೆ.

ಉದ್ಯೋಗದ ಮನೆಯಲ್ಲಿ ಹುಟ್ಟಿದ ವಿದ್ಯೆ

ಚಿತ್ರಕಲೆಯೆಂದರೆ ಉಳ್ಳವರ ವಿನೋದವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮುಂಬಯಿಯ ಇತಿಹಾಸವನ್ನು ನೋಡಿದರೆ ಸಂಗತಿ ಬೇರೆಯೇ ಆಗಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲನೆಯ ರೈಲುಗಾಡಿ ಓಡಿತು. ಅದೇ ವರುಷ ಸರ್ ಜಮ್ಶೇಟ್ಜಿ ಜೀಜೀಭಾಯಿಯವರು ಈ ನಗರದಲ್ಲೊಂದು ಕಲಾಶಾಲೆ ಆಗಬೇಕೆಂದು ಒಂದು ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದರು. 1857ರಲ್ಲಿ ಜೆ. ಜೆ. ಕಲಾಶಾಲೆಯ ತರಗತಿಗಳು ಆರಂಭವಾದವು. ಆಗಿನ ಉದ್ದೇಶ ಗೋಡೆಗೆ ತೂಗುಹಾಕುವ ಚಿತ್ರಗಳನ್ನು ಬರೆಯಿಸುವುದಷ್ಟೇ ಆಗಿರಲಿಲ್ಲ; ಯಂತ್ರಗಳ ಯುಗದಲ್ಲಿ ಕುಶಲಕರ್ಮಿಗಳ ಕೈಕಸುಬು ನಶಿಸಿಹೋಗದಂತೆ ಅದಕ್ಕೆ ಶಿಕ್ಷಣದ ಆಧಾರವನ್ನು ಕೊಡುವುದಾಗಿತ್ತು. ಅಂತೆಯೇ 1865ರಲ್ಲಿ ಶಿಲ್ಪದ ಅಧ್ಯಾಪಕರಾಗಿ ಬಂದ ಲಾಕ್‌ವುಡ್ ಕಿಪ್ಲಿಂಗರು ಕ್ರಾಫರ್ಡ್ ಮಾರ್ಕೆಟಿನ ಬಾಗಿಲುಗಳ ಮೇಲೆ ಉಬ್ಬುಚಿತ್ರಗಳನ್ನು ರಚಿಸಿದರು. ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕಲ್ಲಿನ ಮೇಲಿನ ಎಲೆ, ಹೂ, ಪ್ರಾಣಿ, ಪಕ್ಷಿಗಳ ಕೆತ್ತನೆಯಲ್ಲಿ ಆ ಶಾಲೆಯ ವಿದ್ಯಾರ್ಥಿಗಳ ಕೈಯಿದೆ. 2004ರಲ್ಲಿ ಯುನೆಸ್ಕೊ ಸಂಸ್ಥೆಯು ಆ ಕಟ್ಟಡವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಯಾಣದ ಗಾಡಿಯಿಂದಿಳಿದು ಕೆಲಸಕ್ಕೆ ಓಡುವ ನಮ್ಮವರು ದಿನವೂ ವಿದ್ಯಾರ್ಥಿಗಳ ಕೈಗೆಲಸದ ಕೆಳಗಿನಿಂದಲೇ ಹಾದುಹೋಗುತ್ತಾರೆ. ತಲೆಯೆತ್ತಿ ನೋಡುವವರು ವಿರಳ, ಅಷ್ಟೆ.

ಈ ಪರಂಪರೆ ನಮಗೆ ಹೊರಗಿನದೂ ಅಲ್ಲ. 1956ರ ನವೆಂಬರ್ 1ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಯ ಹೈಸ್ಕೂಲುಗಳ ಡ್ರಾಯಿಂಗ್ ಮಾಸ್ತರರು ಈ ನಗರದ ಕಡೆಗೇ ಕಣ್ಣಿಟ್ಟವರು. ಧಾರವಾಡದಲ್ಲಿ ಕಲಾಶಾಲೆಯನ್ನು ಕಟ್ಟಿದ ಡಿ. ವಿ. ಹಾಲಭಾವಿಯವರು ಕಲಿತುದು ಜೆ. ಜೆ. ಶಾಲೆಯಲ್ಲಿ. ಜಿ. ಎಸ್. ದಂಡಾವತಿಮಠರು ಮುಂಬಯಿಯಲ್ಲಿ ನೂತನ ಕಲಾಮಂದಿರವನ್ನು ನಡೆಸಿ ಅನೇಕ ತರುಣರಿಗೆ ದಾರಿ ತೋರಿಸಿದರು. ಹಾಗೆ ಅವರಲ್ಲಿಗೆ ಬಂದವರಲ್ಲೊಬ್ಬರು ಉಡುಪಿಯ ಬಳಿಯ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರು. 1911ರಲ್ಲಿ ಹುಟ್ಟಿದ ಹೆಬ್ಬಾರರು 1938ರಲ್ಲಿ ಜೆ. ಜೆ. ಶಾಲೆಯ ಡಿಪ್ಲೊಮಾ ಪಡೆದು, ಮುಂದೆ ಕೆಲಕಾಲ ಅಲ್ಲಿಯೇ ಅಧ್ಯಾಪಕರಾಗಿ, ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿ, 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳನ್ನು ಪಡೆದರು. ತಮ್ಮ ರೇಖೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನೂ ಕಲಿತ ಸಾಧಕರವರು. ಕಲಬುರಗಿಯ ಎಸ್. ಎಂ. ಪಂಡಿತರಾದರೋ ಇದೇ ನಗರದಲ್ಲಿ ಸಿನೇಮಾ ಜಾಹೀರಾತು ಮತ್ತು ಕ್ಯಾಲೆಂಡರುಗಳ ಚಿತ್ರಗಳಿಂದ ಮನೆಮನೆಯನ್ನು ಮುಟ್ಟಿದರು. ಒಬ್ಬರು ಗ್ಯಾಲರಿಯ ದಾರಿ ಹಿಡಿದರು, ಇನ್ನೊಬ್ಬರು ಮಾರುಕಟ್ಟೆಯ ದಾರಿ ಹಿಡಿದರು; ಇಬ್ಬರ ಬುತ್ತಿಯೂ ರೇಖಾಭ್ಯಾಸವೇ.

ನಾಲ್ಕು ವಿಷಯ, ನಾಲ್ಕು ಪಾಠ

ಇನ್ನು ಆ ಪರೀಕ್ಷೆಯಲ್ಲಿ ಏನಿದೆಯೆಂಬುದನ್ನು ನೋಡೋಣ. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಮತ್ತು ಅಕ್ಷರಲೇಖನ — ಹೀಗೆ ನಾಲ್ಕು ವಿಷಯಗಳು. ಎಲಿಮೆಂಟರಿಯಲ್ಲಿ ಸಮತಲದ ಭೂಮಿತಿ ಮಾತ್ರ. ಇಂಟರ್‌ಮೀಡಿಯೆಟ್ಟಿನಲ್ಲಿ ಘನಾಕೃತಿಗಳ ಭೂಮಿತಿಯೂ ಸೇರುತ್ತದೆ.

ವಸ್ತುಚಿತ್ರವೆಂದರೆ ಎದುರಿಗಿಟ್ಟ ತಂಬಿಗೆ, ಬಟ್ಟಲು, ಹಣ್ಣು, ಬಟ್ಟೆಗಳನ್ನು ನೋಡಿ ಬರೆಯುವುದು. ಇದು ಸುಲಭವೆಂದು ತೋರುತ್ತದೆ. ಆದರೆ ಮೊದಲ ಸಲ ಲೋಟವನ್ನು ಬರೆಯುವ ಮಗುವನ್ನು ಗಮನಿಸಿರಿ: ಅದರ ಬಾಯನ್ನು ಪೂರ್ಣ ವೃತ್ತವಾಗಿ ಬರೆಯುತ್ತದೆ, ತಳವನ್ನು ನೇರ ಗೆರೆಯಾಗಿ ಎಳೆಯುತ್ತದೆ. ಏಕೆ? ಲೋಟದ ಬಾಯಿ ದುಂಡಗಿದೆಯೆಂದು ಅದಕ್ಕೆ ಗೊತ್ತಿದೆ, ತಳ ಮೇಜಿನ ಮೇಲೆ ಸಮನಾಗಿ ಕುಳಿತಿದೆಯೆಂದೂ ಗೊತ್ತಿದೆ. ಅದು ತಿಳಿದುದನ್ನು ಬರೆಯುತ್ತದೆ, ಕಂಡುದನ್ನಲ್ಲ. ಕುಳಿತ ಸ್ಥಳದಿಂದ ನೋಡಿದರೆ ಆ ವೃತ್ತ ಚಪ್ಪಟೆಯಾಗಿ ಅಂಡಾಕಾರವಾಗುತ್ತದೆ; ಕಣ್ಣಿನ ಮಟ್ಟಕ್ಕೆ ಏರಿಸಿದರೆ ಬರಿಯ ಗೆರೆಯಾಗುತ್ತದೆ. ಇದನ್ನು ಮಗು ತಾನೇ ಕಂಡುಕೊಂಡ ದಿನ, ಊಹೆ ಬೇರೆ, ಅವಲೋಕನ ಬೇರೆ ಎಂಬುದನ್ನು ಅದು ಕಲಿಯುತ್ತದೆ. ವಿಜ್ಞಾನದ ಮೊದಲನೆಯ ಪಾಠವೂ ಇದೇ ಅಲ್ಲವೆ?

ಸ್ಮರಣಚಿತ್ರದಲ್ಲಿ ಎದುರಿಗೆ ಏನೂ ಇರುವುದಿಲ್ಲ. ಸಂತೆ, ಹಬ್ಬ, ಬಸ್ ನಿಲ್ದಾಣ, ಮಳೆಯ ದಿನ ಇಂಥ ಯಾವುದೋ ಪ್ರಸಂಗವನ್ನು ಮನುಷ್ಯರ ಆಕೃತಿಗಳೊಡನೆ ನೆನಪಿನಿಂದ ಬರೆಯಬೇಕು. ನೋಡದವನಿಗೆ ನೆನಪಿರುವುದಿಲ್ಲ. ಊರಿಗೆ ಹೋದಾಗ ಕಂಡ ಯಕ್ಷಗಾನದ ಚೌಕಿ, ಕುಕ್ಕೆ ಹೊತ್ತ ಮೀನುಗಾರ್ತಿ, ನಮ್ಮದೇ ಹೋಟೆಲಿನ ಗಲ್ಲಾದ ಮುಂದೆ ಚಿಲ್ಲರೆಗಾಗಿ ನಿಂತ ಗಿರಾಕಿ — ಇವೆಲ್ಲ ಅಲ್ಲಿ ಬಂಡವಾಳವಾಗುತ್ತವೆ. ಮಗು ತನ್ನ ಸುತ್ತಲಿನ ಬಾಳನ್ನು ಗಮನಿಸಲು ಆರಂಭಿಸುತ್ತದೆ. ನಿಂತ ಮನುಷ್ಯನ ಎತ್ತರ ಅವನ ತಲೆಯ ಸುಮಾರು ಏಳೂವರೆ ಪಾಲು ಎಂಬುದನ್ನು ಅಳೆದು ಆಶ್ಚರ್ಯಪಡುತ್ತದೆ.

ಸಂಕಲ್ಪಚಿತ್ರವು ಇಂದಿನವರು ಡಿಸೈನ್ ಎನ್ನುವ ವಿದ್ಯೆ. ಕೊಟ್ಟ ವೃತ್ತದಲ್ಲೋ ಚೌಕದಲ್ಲೋ ಆಕೃತಿಗಳನ್ನು ಹೊಂದಿಸಿ, ಮಿತವಾದ ಬಣ್ಣಗಳಲ್ಲಿ ತುಂಬಬೇಕು. ಎಲ್ಲಿ ತುಂಬಬೇಕು ಎಂಬುದರಷ್ಟೇ ಎಲ್ಲಿ ಖಾಲಿ ಬಿಡಬೇಕು ಎಂಬುದೂ ಇಲ್ಲಿ ಮುಖ್ಯ. ಇದು ನಮ್ಮ ಹೆಣ್ಣುಮಕ್ಕಳಿಗೆ ಹೊಸದೇ? ಚುಕ್ಕೆಗಳನ್ನು ಎಣಿಸಿಟ್ಟು ರಂಗವಲ್ಲಿ ಎಳೆಯುವ ಕೈ ಅದನ್ನೇ ಮಾಡುತ್ತದೆ. ಧಾರವಾಡದ ಕಸೂತಿಯನ್ನು ನೋಡಿರಿ: ಬಟ್ಟೆಯ ಎಳೆಗಳನ್ನು ಎಣಿಸಿ, ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಿಂದ ಗೋಪುರ, ಆನೆ, ತೇರು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ, ಗವಂತಿ ಮುರ್ಗಿಗಳಲ್ಲಿ ಗಂಟು ಕಾಣದೆ ಬಟ್ಟೆಯ ಎರಡು ಬದಿಯೂ ಒಂದೇ ಸಮನಾಗಿರುತ್ತವೆ. ನಾವೀಗ ನೆಲೆಸಿರುವ ನೆಲದ ವಾರ್ಲಿ ಚಿತ್ರವೂ ಇದೇ ಜಾತಿಯದು. 2014ರಲ್ಲಿ ಪಾಲಘರ್ ಬೇರೆ ಜಿಲ್ಲೆಯಾಗುವ ಮೊದಲು ಡಹಾಣುವಿನ ಕಡೆಯ ಆ ವಾರ್ಲಿ ಹಳ್ಳಿಗಳೆಲ್ಲ ಠಾಣೆ ಜಿಲ್ಲೆಯಲ್ಲಿಯೇ ಇದ್ದವು. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು; ವೃತ್ತ, ತ್ರಿಕೋನ, ಚೌಕ ಎಂಬ ಮೂರು ಆಕಾರಗಳು; ತುದಿ ತಾಗಿದ ಎರಡು ತ್ರಿಕೋನಗಳೇ ಮನುಷ್ಯನ ಒಡಲು. ಇಷ್ಟರಿಂದಲೇ ಜಿವ್ಯಾ ಸೋಮಾ ಮಶೆಯವರು ತಮ್ಮ ಜನಾಂಗದ ಬಾಳನ್ನೆಲ್ಲ ಬರೆದು 2011ರಲ್ಲಿ ಪದ್ಮಶ್ರೀ ಪಡೆದರು. ಸಾಧನ ಎಷ್ಟಿದೆ ಎಂಬುದಕ್ಕಿಂತ ವ್ಯವಸ್ಥೆ ಹೇಗಿದೆ ಎಂಬುದು ದೊಡ್ಡದೆಂದು ಕಸೂತಿ ಮತ್ತು ವಾರ್ಲಿಗಳೆರಡೂ ಕಲಿಸುತ್ತವೆ.

ಉಳಿದುದು ಭೂಮಿತಿ. ರೇಖೆಯನ್ನು ಸಮಭಾಗ ಮಾಡುವುದು, ಪಂಚಕೋನ ಷಟ್ಕೋನಗಳನ್ನು ಕಟ್ಟುವುದು, ವೃತ್ತಕ್ಕೆ ಸ್ಪರ್ಶರೇಖೆ ಎಳೆಯುವುದು. ಮುಂದಿನ ಪರೀಕ್ಷೆಯಲ್ಲಿ ಘನವಸ್ತುವನ್ನು ಮೇಲಿನಿಂದ ಮತ್ತು ಎದುರಿನಿಂದ ಕಂಡಂತೆ ಬರೆಯುವುದು. ಮನೆಯ ನಕ್ಷೆಯಾಗಲಿ, ಯಂತ್ರದ ಭಾಗವಾಗಲಿ ಈ ಭಾಷೆಯಲ್ಲಿಯೇ ಬರೆಯಲ್ಪಡುತ್ತದೆ. ನನ್ನ ಮಗನಿಗೆ ಅಂದು ಹೇಳಬೇಕಾಗಿದ್ದುದು ಇದೇ: ನೀನು ಬಯಸುವ ಗಣಿತದ ಒಂದು ಪಾಲು ಆ ಎರಡು ತಾಸುಗಳ ಒಳಗೇ ಇದೆಯಪ್ಪ, ಕೈಯಿಂದ ಕಲಿತ ಗಣಿತ ಬೇಗನೆ ಮರೆಯುವುದಿಲ್ಲ.

ಅಕ್ಷರದ ಚೆಲುವು

ಅಕ್ಷರಲೇಖನದ ವಿಷಯದಲ್ಲಿ ನನ್ನದೊಂದು ಸ್ವಂತ ಮಾತಿದೆ. ನಾನು ಹುಡುಗನಾಗಿ ಊರು ಬಿಟ್ಟು ಬಂದವನು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವನು. ಅಲ್ಲಿ ಡ್ರಾಯಿಂಗ್ ತಾಸು ಇರಲಿಲ್ಲ. ಕೇಳಿದಾಗ, ದಣಿದು ಬರುವ ಹುಡುಗರಿಗೆ ಚಿತ್ರವೇಕೆ, ಪಾಸಾದರೆ ಸಾಕು ಎಂಬ ಉತ್ತರ ಬಂದಿತು. ಆದರೆ ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತು. ದಿನದ ವಿಶೇಷ ತಿಂಡಿಯ ಹೆಸರನ್ನು ಅದರ ಮೇಲೆ ಬರೆಯುವ ಕೆಲಸ ನನಗೆ ಬಂದಿತು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯುತ್ತಿದ್ದೆ. ನಾಗರಿಯ ಅಕ್ಷರ ಮೇಲಿನ ಗೆರೆಯಿಂದ ತೂಗಿಕೊಂಡಿರುತ್ತದೆ. ಕನ್ನಡದ ಅಕ್ಷರ ನೆಲದ ಮೇಲೆ ದುಂಡಗೆ ಕುಳಿತು ತಲೆಕಟ್ಟನ್ನು ಹೊತ್ತಿರುತ್ತದೆ. ಎರಡನ್ನೂ ಒಂದೇ ಹಲಗೆಯಲ್ಲಿ ಒಂದೇ ಗಾತ್ರದಲ್ಲಿ ಹೊಂದಿಸುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ಕಲಿಸುವವರಿರಲಿಲ್ಲ, ಒರೆಸಿ ಒರೆಸಿ ಬರೆದೆ. ಗುರುವಿದ್ದರೆ ಒಂದು ತಿಂಗಳಲ್ಲಿ ಬರುತ್ತಿದ್ದುದು ನನಗೆ ಆರು ವರುಷಗಳಲ್ಲಿಯೂ ಪೂರ್ತಿಯಾಗಿ ಬರಲಿಲ್ಲ. ಆ ಕೊರತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಕ್ಷರದ ರೂಪವನ್ನು ಚಿಂತಿಸುವುದು ಸಣ್ಣ ಕೆಲಸವಲ್ಲ. ಗಣಕಯಂತ್ರಗಳಲ್ಲಿ ಅನೇಕ ವರುಷ ಕನ್ನಡಿಗರು ಬಳಸಿದ ‘ತುಂಗಾ’ ಎಂಬ ಅಕ್ಷರಮಾಲೆಯನ್ನು ರೂಪಿಸಿದ ತಂಡದ ನಿರ್ದೇಶಕರು ಮರಾಠಿಯ ಕವಿಯೂ ಅಕ್ಷರಶಿಲ್ಪಿಯೂ ಆಗಿದ್ದ ಆರ್. ಕೆ. ಜೋಶಿಯವರು. ಅವರು ಪೊವಾಯಿಯ ಐ. ಐ. ಟಿ.ಯಲ್ಲಿರುವ ಕೈಗಾರಿಕಾ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದವರು. ನಮ್ಮ ಲಿಪಿಗೆ ಮರಾಠಿಯ ಗುರುವೊಬ್ಬರು ಇಷ್ಟು ಸೇವೆ ಸಲ್ಲಿಸಿದ್ದಾರೆ. ಇಲ್ಲಿಯೇ ಬೆಳೆದು ಎರಡು ಲಿಪಿಗಳನ್ನೂ ಬಲ್ಲ ನಮ್ಮ ಮಕ್ಕಳು ಆ ದಾರಿಯಲ್ಲಿ ಏಕೆ ನಡೆಯಬಾರದು?

ಅಂಕದ ಆಸೆ

ಈಚಿನ ವರುಷಗಳಲ್ಲಿ ಈ ಪರೀಕ್ಷೆಗಳಿಗೆ ಬರುವವರ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇದೆ. ಇಂಟರ್‌ಮೀಡಿಯೆಟ್ಟಿನಲ್ಲಿ ‘ಎ’ ಶ್ರೇಣಿ ಪಡೆದವರಿಗೆ 7, ‘ಬಿ’ಗೆ 5, ‘ಸಿ’ಗೆ 3 ಎಂಬಂತೆ ಎಸ್. ಎಸ್. ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಅಂಕಗಳನ್ನು ಕೊಡುವ ಪದ್ಧತಿ ಬಂದಿದೆ. ಕಲೆಗೆ ಶಾಲೆಯಲ್ಲಿ ಒಂದು ಮರ್ಯಾದೆ ದೊರೆಯಿತೆಂಬ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಇದರಿಂದ ಒಂದು ಕೇಡೂ ಇದೆ. ಏಳು ಅಂಕಗಳಿಗಾಗಿಯೇ ಬರುವ ಮಗುವಿಗೆ ಹಳೆಯ ಪ್ರಶ್ನೆಗಳ ನಾಲ್ಕು ಸಿದ್ಧಚಿತ್ರಗಳನ್ನು ಬಾಯಿಪಾಠದಂತೆ ಕೈಪಾಠ ಮಾಡಿಸುವ ತರಗತಿಗಳು ಹುಟ್ಟುತ್ತವೆ. ಅಂಥ ಮಗು ಪರೀಕ್ಷೆ ಮುಗಿದ ಮರುದಿನ ಕುಂಚವನ್ನು ಅಟ್ಟಕ್ಕೆ ಎಸೆಯುತ್ತದೆ. ಅಂಕ ಬರಲಿ, ಆದರೆ ಅದು ಊಟದ ಮೇಲಿನ ಹಣ್ಣಾಗಿರಲಿ, ಊಟವೇ ಆಗದಿರಲಿ.

ನವಿ ಮುಂಬಯಿಯಂಥ ಹೊಸ ಊರುಗಳಲ್ಲಿ ನಮ್ಮ ಅನೇಕ ಮಕ್ಕಳು ಕೇಂದ್ರೀಯ ಮಂಡಳಿಗಳ ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಿದ್ದಾರೆ. ಸಿ. ಬಿ. ಎಸ್. ಇ.ಯಲ್ಲಿ 9 ಮತ್ತು 10ನೆಯ ತರಗತಿಗಳಿಗೆ ಚಿತ್ರಕಲೆ ಒಂದು ಐಚ್ಛಿಕ ವಿಷಯವಾಗಿದೆ, ಐ. ಸಿ. ಎಸ್. ಇ.ಯಲ್ಲಿಯೂ ಕಲೆಯನ್ನು ವಿಷಯವಾಗಿ ಆರಿಸಿಕೊಳ್ಳಬಹುದು. ಆದರೆ ಪಟ್ಟಿಯಲ್ಲಿರುವ ವಿಷಯವೆಲ್ಲ ಪ್ರತಿಯೊಂದು ಶಾಲೆಯಲ್ಲಿಯೂ ಇರುವುದಿಲ್ಲ. ಶಾಲೆಗೆ ಸೇರಿಸುವಾಗಲೇ ಇದನ್ನು ವಿಚಾರಿಸಿಕೊಳ್ಳುವುದು ತಂದೆತಾಯಿಗಳ ಕೆಲಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆ ಮತ್ತು ವಿಜ್ಞಾನಗಳ ನಡುವೆ ಕಠಿಣವಾದ ಗೋಡೆ ಇರಬಾರದೆಂದು ಹೇಳಿದೆ. ಕಾಗದದ ಮೇಲೆ ಗೋಡೆ ಬಿದ್ದಿದೆ. ಮನಸ್ಸಿನಲ್ಲಿ ಇನ್ನೂ ನಿಂತಿದೆ.

ಮುಂದಿನ ದಾರಿ

“ಮುಂದೇನು?” ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕು. ಮಹಾರಾಷ್ಟ್ರದಲ್ಲಿ ಲಲಿತಕಲೆಯ ಪದವಿಗೆ ಸೇರಲು ನಡೆಯುವ ಪ್ರವೇಶ ಪರೀಕ್ಷೆಯಲ್ಲಿ ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ ಇವೇ ಪ್ರಾಯೋಗಿಕ ವಿಷಯಗಳು. ಎಂಟನೆಯ ತರಗತಿಯ ಅಭ್ಯಾಸ ಹನ್ನೆರಡನೆಯದರ ಬಳಿಕ ನೇರವಾಗಿ ಕೈಗೆ ಬರುತ್ತದೆ. ಡಿಸೈನ್ ಪದವಿಗೆ ಮುಂಬಯಿ ಐ. ಐ. ಟಿ.ಯು ಯುಸೀಡ್ ಎಂಬ ಪರೀಕ್ಷೆಯನ್ನು ನಡೆಸುತ್ತದೆ. 1969ರಲ್ಲಿ ಆರಂಭವಾದ ಅದರ ವಿನ್ಯಾಸ ಕೇಂದ್ರ ಠಾಣೆಯಿಂದ ದೂರವೇನಲ್ಲ. ಉಡುಗೆ ತೊಡುಗೆಗಳ ವಿನ್ಯಾಸಕ್ಕೆ ಹೆಸರಾದ ನಿಫ್ಟ್ ಸಂಸ್ಥೆಯ ಮುಂಬಯಿ ಶಾಖೆ ಇರುವುದು ಖಾರ್‌ಘರ್‌ನಲ್ಲಿ. ಕಲಾಶಿಕ್ಷಕರಾಗಬೇಕೆನ್ನುವವರಿಗೆ ಎ. ಟಿ. ಡಿ. ಡಿಪ್ಲೊಮಾ ಇದೆ. ಆದರೆ ಎಲ್ಲರಿಗೂ ಸ್ಥಳ ದೊರೆಯುವುದಿಲ್ಲ, ಸ್ಪರ್ಧೆ ಕಠಿಣವಾಗಿದೆ, ಖಾಸಗಿ ಸಂಸ್ಥೆಗಳ ಶುಲ್ಕ ಸಾಮಾನ್ಯರ ಎದೆ ನಡುಗಿಸುವಂಥದು. ಆದುದರಿಂದ ಪ್ರತಿಯೊಂದು ಮಗುವೂ ಕಲಾವಿದನಾಗಲಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಕಲಿತವರೆಲ್ಲ ಗಣಿತಜ್ಞರಾಗುತ್ತಾರೆಯೆ? ವೈದ್ಯನಾಗಲಿ, ಹೋಟೆಲು ನಡೆಸಲಿ, ಬಡಗಿಯಾಗಲಿ, ನೋಡಬಲ್ಲ ಕಣ್ಣು ಮತ್ತು ನಡುಗದ ಕೈ ಯಾರಿಗೆ ಬೇಡ?

ಎತ್ತರಕ್ಕೆ ಏರುವವರೂ ನಮ್ಮ ಈ ಊರುಗಳಿಂದಲೇ ಹೊರಡಬಲ್ಲರು. ಗೇಟ್‌ವೇ ಆಫ್ ಇಂಡಿಯಾದ ಎದುರಿಗೆ ಕುದುರೆಯೇರಿ ನಿಂತ ಶಿವಾಜಿ ಮಹಾರಾಜರ ಪ್ರತಿಮೆ 1961ರ ಜನವರಿ 26ರಂದು ಅನಾವರಣಗೊಂಡಿತು. ಅದನ್ನು ರೂಪಿಸಿದ ಸದಾಶಿವ ಸಾಠೆಯವರು ಕಲ್ಯಾಣದವರು. ಭಾವು ಸಾಠೆ ಎಂದೇ ಪ್ರಸಿದ್ಧರಾಗಿ 2021ರಲ್ಲಿ ತೀರಿಕೊಂಡರು. ಅವರ ಶಿಲ್ಪಗಳ ಸಂಗ್ರಹವಾದ ಶಿಲ್ಪಾಲಯ ಡೊಂಬಿವಲಿಯಲ್ಲಿದೆ. ರಜೆಯ ದಿನ ಮಾಲುಗಳಿಗೆ ಕರೆದೊಯ್ಯುವ ಮಕ್ಕಳನ್ನು ಒಮ್ಮೆ ಅಲ್ಲಿಗೂ ಕರೆದೊಯ್ಯಬಹುದು.

ಮಾಸ್ತರರಿಲ್ಲದ ಶಾಲೆ

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಕ್ಕಿಂತ ಕಹಿಯಾದ ಸಂಗತಿಯನ್ನು ಹೇಳಲೇಬೇಕು. ಕಲಿಸುವವರು ಎಲ್ಲಿದ್ದಾರೆ? 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ 6ರಿಂದ 8ನೆಯ ತರಗತಿಗಳಿಗೆ ಕಲಾಶಿಕ್ಷಣದ ಬೋಧಕರ ಉಲ್ಲೇಖವಿದೆ. ಆದರೆ ಅವರು ಅರೆಕಾಲಿಕರು, ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಲ್ಲಿ ಮಾತ್ರ. ನೂರು ಮಕ್ಕಳಿಲ್ಲದ ಶಾಲೆಗೆ ಆ ಭಾಗ್ಯವೂ ಇಲ್ಲ. ಮುಂಬಯಿ ಮತ್ತು ಅದರ ಉಪನಗರಗಳ ಕನ್ನಡ ಮಾಧ್ಯಮದ ಶಾಲೆಗಳ ಸ್ಥಿತಿ ವಾಚಕರಿಗೆ ತಿಳಿದೇ ಇದೆ. ಅಲ್ಲಿ ಉಳಿದಿರುವವರು ಬಹುಮಟ್ಟಿಗೆ ಬಡವರ ಮಕ್ಕಳು: ಕಟ್ಟಡದ ಕೂಲಿಗಾಗಿ ಉತ್ತರ ಕರ್ನಾಟಕದಿಂದ ಬಂದವರ, ಮನೆಗೆಲಸದವರ, ಹೋಟೆಲ್ ಕಾರ್ಮಿಕರ ಮಕ್ಕಳು. ಖಾಸಗಿ ತರಗತಿಗೆ ಹಣ ತೆರಲಾರದವರಿಗೇ ಶಾಲೆಯಲ್ಲಿ ಮಾಸ್ತರರಿಲ್ಲ. ಕೈಯಲ್ಲಿ ಕಸುಬು ಇರುವ ಮನೆತನದ ಮಕ್ಕಳಿಗೇ ಕೈಯ ವಿದ್ಯೆ ದೊರೆಯದೆ ಹೋಗುವುದು ಎಂಥ ವಿಪರ್ಯಾಸ! ಮಾಸ್ತರರಿದ್ದಲ್ಲಿಯೂ ಡ್ರಾಯಿಂಗ್ ತಾಸನ್ನು ಬಾಕಿ ಉಳಿದ ಪಾಠಗಳಿಗೆ ಕೊಟ್ಟುಬಿಡುವ ರೂಢಿ ಅನೇಕ ಕಡೆ ಇದೆ.

ಇಲ್ಲಿ ನಮ್ಮ ಸಂಘ ಸಂಸ್ಥೆಗಳು ಮಾಡಬಹುದಾದ ಕೆಲಸವಿದೆ. ಠಾಣೆಯಿಂದ ಕಲ್ಯಾಣದ ವರೆಗೆ, ಇತ್ತ ವಾಶಿಯಿಂದ ಪನವೇಲಿನ ವರೆಗೆ ಕನ್ನಡಿಗರ ಸಂಘಗಳಿಗೆ ಕೊರತೆಯಿಲ್ಲ. ರಾಜ್ಯೋತ್ಸವಕ್ಕೊಮ್ಮೆ, ಮಕ್ಕಳ ದಿನಾಚರಣೆಗೊಮ್ಮೆ ಚಿತ್ರಸ್ಪರ್ಧೆಯನ್ನಿಟ್ಟು ಬಹುಮಾನ ಹಂಚುತ್ತೇವೆ. ವರುಷಪೂರ್ತಿ ಕಲಿಸದೆ ಒಂದು ದಿನ ಪರೀಕ್ಷಿಸಿದರೆ ಬಹುಮಾನ ಮೊದಲೇ ಕಲಿತವರಿಗೇ ಹೋಗುತ್ತದೆ. ಅದರ ಬದಲು ರವಿವಾರ ಬೆಳಿಗ್ಗೆ ಬರಿದಾಗಿರುವ ಸಂಘದ ಕೋಣೆಯನ್ನು ಎರಡು ತಾಸು ಮಕ್ಕಳಿಗೆ ಬಿಟ್ಟುಕೊಡಲಿ. ಎ. ಟಿ. ಡಿ. ಮುಗಿಸಿದ ಒಬ್ಬ ತರುಣನಿಗೆ ಗೌರವಧನ, ಮಕ್ಕಳಿಗೆ ಕಾಗದ ಮತ್ತು ಬಣ್ಣ — ಒಂದು ಸತ್ಕಾರ ಸಮಾರಂಭದ ಶಾಲು, ಹಾರ, ಫಲಕಗಳ ವೆಚ್ಚಕ್ಕಿಂತ ಇದು ಹೆಚ್ಚಾಗಲಾರದು. ಶಾಲೆಯ ಮೂಲಕ ಪರೀಕ್ಷೆಗೆ ಹೆಸರು ಕೊಡಿಸುವ ಹೊಣೆಯನ್ನೂ ಸಂಘದವರು ಹೊತ್ತರೆ, ಅರ್ಜಿಯ ತಾರೀಕು ತಿಳಿಯದೆ ಹಿಂದುಳಿಯುವ ಮಕ್ಕಳು ಉಳಿದುಕೊಳ್ಳುತ್ತಾರೆ.

ನನ್ನ ಮೊಮ್ಮಗಳ ಕಥೆಯನ್ನು ಮುಗಿಸಿಬಿಡುತ್ತೇನೆ. ಕೊನೆಗೆ ಅವಳ ತಂದೆ ಒಪ್ಪಿದನು. ಟ್ಯೂಶನ್ನು ಶನಿವಾರಕ್ಕೆ ಹೋಯಿತು. ಅವಳಿಗೆ ‘ಬಿ’ ಶ್ರೇಣಿ ದೊರೆಯಿತು. ಅದೇನು ದೊಡ್ಡ ಸಾಧನೆಯಲ್ಲ. ಆದರೆ ಒಂದು ರಾತ್ರಿ ಅವಳ ತಂದೆ ಊಟಕ್ಕೆ ಕುಳಿತಿದ್ದಾಗ ಅವನ ಮುಂದಿದ್ದ ಲೋಟವನ್ನು ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡುತ್ತಿದ್ದಳು. “ಏನಮ್ಮ?” ಎಂದು ಕೇಳಿದನು. “ಇದರ ಬಾಯಿ ದುಂಡಗಿಲ್ಲ ಅಪ್ಪ, ನೀವೂ ನೋಡಿ” ಎಂದಳು. ಅವನು ತುತ್ತನ್ನು ಅಲ್ಲಿಯೇ ನಿಲ್ಲಿಸಿ, ತಾನೂ ಒಂದು ಕಣ್ಣು ಮುಚ್ಚಿ ನೋಡಿದನು. ದಿನವೂ ನೀರು ಕುಡಿಯುವ ಲೋಟವನ್ನು ಅವನು ನೋಡಿದುದು ಪ್ರಾಯಶಃ ಅದೇ ಮೊದಲು. ಈ ವರುಷ ಇಂಟರ್‌ಮೀಡಿಯೆಟ್ಟಿನ ಅರ್ಜಿಗೆ ಯಾರೂ ಕೇಳುವ ಮೊದಲೇ ಅವನು ಸಹಿ ಹಾಕಿದ್ದಾನೆ.